ಕುರ್ಚಿಯ ಬೆನ್ನ ಹಿಂದೆ ನಿಂತವರು

ಮುಂಬಯಿಯವರು ಗಬಗಬನೆ ತಿನ್ನುತ್ತಾರೆ ಎಂಬ ಮಾತನ್ನು ಊರಿನ ನೆಂಟರಿಂದ ಕೇಳಿ ಕೇಳಿ ನಮಗೆ ಸಾಕಾಗಿದೆ. ಅದು ಸಂಸ್ಕಾರದ ಕೊರತೆ ಎಂದು ತೀರ್ಪು ಕೊಡುವವರು ನಮ್ಮೊಳಗೂ ಇದ್ದಾರೆ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಉಣ್ಣುವವನ ಕೈಯ ವೇಗ ಬಹುಮಟ್ಟಿಗೆ ಅವನ ಕೈಯಲ್ಲಿಲ್ಲ.

ಬೆಳಗಿನ ಫಾಸ್ಟ್ ಲೋಕಲ್ ಹಿಡಿಯಬೇಕಾದವನು ಉಪ್ಪಿಟ್ಟನ್ನು ಅಗಿಯುವುದಿಲ್ಲ, ನುಂಗುತ್ತಾನೆ. ಮಾಟುಂಗಾದ ಉಡುಪಿ ಹೋಟೆಲಿನ ಹೊರಗೆ ರವಿವಾರ ಸಾಲು ನಿಂತಿರುವಾಗ ಒಳಗಿನವನ ದೋಸೆ ಎಷ್ಟು ಹೊತ್ತು ಉಳಿದೀತು? ತಿನಿಸಿನ ಗುಣವೂ ಇದೆ. ಜೋಳದ ರೊಟ್ಟಿ ಹಲ್ಲಿಗೆ ಕೆಲಸ ಕೊಡುತ್ತದೆ, ಬ್ರೆಡ್ಡು ಕೊಡದು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಬೇಕಾದಷ್ಟು ಕೊಟ್ಟು ನೋಡಿತು. ಸಿದ್ಧ ಆಹಾರವನ್ನು ಅವರು ಬೇಗಬೇಗ ತಿಂದರು, ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿಯೂ ತಿಂದರು. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕೆನ್ನುತ್ತಾರೆ. ಅವಸರದವನು ಅಷ್ಟರಲ್ಲಿ ಕೈ ತೊಳೆದಿರುತ್ತಾನೆ.

ರೈಲನ್ನು ನಾವು ತಿದ್ದಲಾರೆವು. ಆದರೆ ನಮ್ಮ ಕೈಯಲ್ಲೇ ಇರುವ ಊಟವೊಂದಿದೆ: ನಮ್ಮ ಸಂಘಗಳ ಹಬ್ಬದೂಟ.

ಊರಿನ ಪಂಕ್ತಿಯಲ್ಲಿ ಊಟದ ಗತಿಯನ್ನು ಗೊತ್ತುಮಾಡುತ್ತಿದ್ದವನು ಬಡಿಸುವವನು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಆಮೇಲೆ ಅನ್ನ, ತೊವ್ವೆ, ತುಪ್ಪ. ಎಲ್ಲರ ಎಲೆಗೂ ಬಿದ್ದ ಮೇಲೆಯೇ ಮೊದಲ ತುತ್ತು. ಸಾರಿಗೂ ಹುಳಿಗೂ, ಹುಳಿಗೂ ಪಾಯಸಕ್ಕೂ ನಡುವೆ ಒಂದಿಷ್ಟು ಬಿಡುವು, ಹರಟೆ. ಹಿರಿಯರು ಏಳದೆ ಯಾರೂ ಏಳುವಂತಿರಲಿಲ್ಲ; ಅಂದರೆ ಹಲ್ಲಿಲ್ಲದ ಅಜ್ಜನ ಗತಿಯೇ ಇಡೀ ಸಾಲಿನ ಗತಿ. (ಆ ಪಂಕ್ತಿಗೆ ಪಂಕ್ತಿಭೇದದ ಕಳಂಕವೂ ಇತ್ತು. ಅದು ತೊಲಗಲಿ. ನಾವು ಕೇಳುತ್ತಿರುವುದು ಬಿಡುವನ್ನು ಮಾತ್ರ.)

ಇಂದು ನಮ್ಮ ಸಭಾಂಗಣಗಳಲ್ಲಿ ನಡೆಯುವುದೇನು? ಮುಂದಿನ ಪಂಕ್ತಿಯವರು ಒಂದೊಂದು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಸಾರನ್ನ ಕಲಸುವಷ್ಟರಲ್ಲಿ ಮಜ್ಜಿಗೆಯ ಬಕೆಟ್ಟು ಬಂತು. ಮೇಜಿನ ಆ ತುದಿಯಿಂದ ಕಾಗದ ಸುತ್ತುತ್ತ ಬರುತ್ತಿದ್ದಾರೆ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಿ ಬಂದ ಹಿರಿಯರು ಅರ್ಧ ಎಲೆಯಲ್ಲೇ ಎದ್ದು "ಸಾಕಾಯ್ತಪ್ಪಾ" ಎನ್ನುತ್ತಾರೆ. ಅವರಿಗೆ ಸಾಕಾಗಿರುವುದು ಊಟವಲ್ಲ. ಕೆಲವು ಗುಳಿಗೆ ತೆಗೆದುಕೊಂಡು ಅರೆಹೊಟ್ಟೆಯಲ್ಲಿ ಎದ್ದರೆ ಸಕ್ಕರೆ ಇಳಿದು ತಲೆಸುತ್ತು ಬರುವುದುಂಟೆಂದು ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ಸಭಾಂಗಣದ ಬಾಡಿಗೆ ಗಂಟೆಯ ಲೆಕ್ಕ, ನಾವೇನು ಮಾಡೋಣ ಎಂದು ಕಾರ್ಯದರ್ಶಿಗಳು ಕೇಳಬಹುದು. ಸ್ವಾಮೀ, ಭಾಷಣಗಳು ಲಂಬಿಸುವಾಗ ಆ ಗಡಿಯಾರ ಯಾರ ಕಣ್ಣಿಗೂ ಬೀಳದು. ಸನ್ಮಾನದ ಶಾಲಿಗೆ ಇರುವ ಸಮಯ ಅಜ್ಜಿಯ ಮೊಸರನ್ನಕ್ಕೆ ಏಕಿಲ್ಲ? ಬಫೆ ಇಡಿ ಎನ್ನುವವರೂ ಇದ್ದಾರೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಊರುಗೋಲು ಹಿಡಿದವರು ಯಾವ ಕೈಯಲ್ಲಿ ಉಣ್ಣಬೇಕು?

ಬರುವ ರಾಜ್ಯೋತ್ಸವಕ್ಕೆ ಕೂಪನ್ನಿನ ಮೇಲೆ ಪಂಕ್ತಿಯ ಸಂಖ್ಯೆ ಮುದ್ರಿಸಿ. ಮೊದಲ ಪಂಕ್ತಿ ಹಿರಿಯರಿಗೆ, ಪೂರ್ತಿ 40 ನಿಮಿಷ. ಊಟದ ಮನೆಯ ಬಾಗಿಲಲ್ಲಿ ಒಬ್ಬ ಸ್ವಯಂಸೇವಕನಿರಲಿ, ಸರದಿ ಬಾರದವರು ಒಳಗೆ ಬರುವುದು ಬೇಡ. ಅವರು ಸಭೆಯಲ್ಲೇ ಕುಳಿತಿರಲಿ. ಉಳಿದ ಭಾಷಣಗಳಿಗೆ ಶ್ರೋತೃಗಳೂ ಸಿಕ್ಕಾರು.