ಈ ಗ್ವಾಡಿ ಯಾರಿಗಂಜಿ?

ಟಿಕೋಟಾ ರಸ್ತೆಯ ಗೇಟೆಡ್ ಬಡಾವಣೆಯೊಂದರಲ್ಲಿ ಮನೆಗೆ ಮುಂಗಡ ಕೊಟ್ಟು ಬಂದವರಲ್ಲಿ ನಾನೂ ಒಬ್ಬ. ಹೀಗಾಗಿ ಇಲ್ಲಿ ಬೈಯುವುದೆಲ್ಲ ಮೊದಲು ನನಗೇ ತಗಲಬೇಕು.

ಹೋದ ದೀಪಾವಳಿಗೆ ಬಬಲೇಶ್ವರದಿಂದ ಅವ್ವ ಬಂದಿದ್ದಳು. ಜಾಗ ತೋರಿಸಲು ಕರೆದೊಯ್ದೆ. ಗೇಟಿನ ಹುಡುಗ ಅವಳ ಹೆಸರು, ಊರು, ಫೋನ್ ನಂಬರು ಕೇಳಿ ಬರೆದುಕೊಂಡ. ಅವನ ತಪ್ಪೇನಿಲ್ಲ. ಅವನೂ ಪಕ್ಕದ ಹಳ್ಳಿಯವನೇ, ಅವನ ಅವ್ವ ಬಂದರೂ ಹಾಗೇ ಬರೆದುಕೊಳ್ಳಬೇಕು. ಅವ್ವ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಇಷ್ಟ್ ಎತ್ತರ ಗ್ವಾಡಿ ಯಾರಿಗ್ ಅಂಜಿ ಕಟ್ಟ್ಯಾರೋ ತಮ್ಮಾ?”

ಸುರಕ್ಷತೆಗೆ ಎಂದೆ. ಯಾರಿಂದ ಎಂದು ಕೇಳಲಿಲ್ಲ, ನನ್ನ ಪುಣ್ಯ. ಕೇಳಿದ್ದರೆ ‘ನಿನ್ನಂಥವರಿಂದಲೇ’ ಎನ್ನಬೇಕಾಗುತ್ತಿತ್ತು.

ವಿಜಯಪುರದವರಿಗೆ ಗೋಡೆ ಹೊಸದಲ್ಲ. ಒಂದನೇ ಅಲಿ ಆದಿಲ್‌ಶಾಹ 16ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಗೋಡೆ ಹಳೇ ಊರಿನ ಸುತ್ತ ಇನ್ನೂ ನಿಂತಿದೆ. ಅದರೊಳಗೆ ಅರಮನೆಯ ಜೊತೆಗೆ ಪೇಟೆಯೂ ಇತ್ತು, ಕಸುಬಿನವರ ಓಣಿಗಳೂ ಇದ್ದವು. ಮಕ್ಕಾ ದರ್ವಾಜಾ ಬಳಿಯ ತಾಜ್ ಬಾವಡಿ ಊರಿಗೆಂದು ತೋಡಿದ ಬಾವಿ. 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೆಲದಡಿ ಹರಿದ ನೀರೂ ಊರಿಗೇ ಬರುತ್ತಿತ್ತು. ಸುಲ್ತಾನರನ್ನು ಹೊಗಳಲು ಹೊರಟಿಲ್ಲ. ಅವರ ಗೋಡೆ ವೈರಿಯ ದಂಡಿಗೆ ಕಟ್ಟಿದ್ದು, ನಾವು ಕಟ್ಟುತ್ತಿರುವುದು ಕಾಯಿಪಲ್ಲೆ ಮಾರುವವಳಿಗೆ.

ಬ್ರೋಷರಿನಲ್ಲಿ ‘ಖಾಸಗಿ ರಸ್ತೆ, ಖಾಸಗಿ ಉದ್ಯಾನ’ ಎಂದಿತ್ತು. ನಾನೂ ಓದಿ ಉಬ್ಬಿದ್ದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬೇರೆಯದೇ ಹೇಳುತ್ತದೆ. ಬಡಾವಣೆಗೆ ಮಂಜೂರಾತಿ ಬೇಕೆಂದರೆ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ರಸ್ತೆ ಎಲ್ಲರದು. ಅದಕ್ಕೆ ಅಡ್ಡ ಗೇಟು ಹಾಕಿ, ಆ ಗೇಟಿನ ದುಡ್ಡನ್ನು ಚದರಡಿ ಲೆಕ್ಕದಲ್ಲಿ ನಮ್ಮಿಂದ ವಸೂಲು ಮಾಡುತ್ತಾರೆ. ಸಾರ್ವಜನಿಕ ರಸ್ತೆಯಿಂದ ಸಾರ್ವಜನಿಕರನ್ನು ತೆಗೆದುಹಾಕಿದ್ದಕ್ಕೆ ಕೊಡುವ ಹೆಚ್ಚಿನ ಬೆಲೆ ಅದು.

‘ನಿಮ್ಮ ಓಣಿಯಲ್ಲಿ ಏನಿದೆ ಮತ್ತೆ?’ ಎನ್ನುವಿರಿ. ನನ್ನ ಹೆಂಡತಿಯೂ ಅದನ್ನೇ ಕೇಳುತ್ತಾಳೆ. ಗಟಾರ ಬಾಯಿ ತೆರೆದುಕೊಂಡೇ ಇದೆ. ನೀರು ಬರುವ ದಿನ ಕೊಡಗಳ ಜಗಳ. ಮಕ್ಕಳಿಗೆ ಆಡಲು ಜಾಗವಿಲ್ಲ. ಅವಳ ಸಿಟ್ಟಿನಲ್ಲಿ ನ್ಯಾಯವಿದೆ, ಅಲ್ಲಗಳೆಯಲಾರೆ. ಆದರೆ ಈ ಓಣಿಯಲ್ಲಿ ಅರ್ಜಿ ಬರೆಯಬಲ್ಲವರು, ಕಚೇರಿಯಲ್ಲಿ ಕುರ್ಚಿ ಎಳೆದು ಕೂತು ಮಾತಾಡಬಲ್ಲವರು ನಾವು ಏಳೆಂಟು ಮನೆಯವರು. ಮಾಸ್ತರ, ಬ್ಯಾಂಕಿನವರು, ಡಾಕ್ಟರು. ನಾವೇ ಗೋಡೆಯಾಚೆ ಹೋದರೆ ಆ ಗಟಾರ ಇನ್ಯಾರಿಗಾಗಿ ಮುಚ್ಚೀತು? ಉಳಿದವರು ದಿನಗೂಲಿ ಬಿಟ್ಟು ಕಚೇರಿ ಬಾಗಿಲು ಕಾಯಬೇಕೆ? ಊರು ಕೆಟ್ಟಿದೆಯೆಂದು ನಾವು ಹೊರಡುತ್ತೇವೆ. ನಾವು ಹೊರಟಷ್ಟೂ ಅದು ಕೆಡುತ್ತದೆ. ಆಮೇಲೆ ಗೇಟಿನೊಳಗೆ ಕೂತು ‘ಊರು ಎಷ್ಟು ಕೆಟ್ಟಿತಲ್ಲ’ ಎನ್ನುತ್ತೇವೆ. ನಮ್ಮ ಈ ಜಾಣತನ ನೋಡಿದರೆ ನನಗೇ ಹೇಸಿಕೆಯಾಗುತ್ತದೆ.

ಮುಂಗಡ ಮರಳಿ ಕೇಳಿದ್ದೇನೆ. ಇಂದು, ನಾಳೆ ಎನ್ನುತ್ತಿದ್ದಾರೆ. ಹೋದ ಸೋಮವಾರ ಗಟಾರದ ಅರ್ಜಿ ಹಿಡಿದು ಓಣಿ ತಿರುಗಿದೆ. ನಾಲ್ಕು ಮನೆಯವರು ಸಹಿ ಹಾಕಿದರು. ಐದನೆಯವರು ಚಹಾ ಕೊಟ್ಟರು, ಕುಡಿಯುವವರೆಗೂ ಮಾತಾಡಿದರು, ಸಹಿ ಮಾತ್ರ ಹಾಕಲಿಲ್ಲ. ಅವರೂ ಅಲ್ಲೇ ಮುಂಗಡ ಕೊಟ್ಟಿದ್ದಾರೆ.