ಸಮಾನತೆಯೆಂದರೆ ಸಲಿಗೆಯಲ್ಲ

ಈಚೆಗೆ ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ: “ಒಂದೇ ಸಂಗತಿಗೆ ಎರಡು ವಿವರಣೆಗಳೂ ಸರಿಯೆಂದು ಕ್ವಾಂಟಂ ವಿಜ್ಞಾನವೇ ಹೇಳಿಲ್ಲವೆ? ಹಾಗಾದರೆ ಒಂದು ಪದ್ಯಕ್ಕೆ ಯಾರು ಯಾವ ಅರ್ಥ ಹೇಳಿದರೂ ಸರಿಯೇ!” 2025ನ್ನು ವಿಶ್ವಸಂಸ್ಥೆ ಕ್ವಾಂಟಂ ವಿಜ್ಞಾನದ ವರ್ಷವೆಂದು ಸಾರಿದ ಮೇಲಂತೂ ಈ ಮಾತಿಗೆ ಇನ್ನಷ್ಟು ಕಳೆ ಬಂದಿದೆ. ನಾನು ಕನ್ನಡ ಪಾಠ ಹೇಳುವವನು. ಗಣಿತ ನನ್ನ ಕಸುಬಲ್ಲ. ಆದರೂ ಈ ವಾದ ವಿಜ್ಞಾನಕ್ಕೂ ಸಲ್ಲದು, ಸಾಹಿತ್ಯಕ್ಕೂ ಸಲ್ಲದು ಎನ್ನಲು ಹೆಚ್ಚು ಗಣಿತವೇನೂ ಬೇಕಾಗಿಲ್ಲ.

ನಡೆದದ್ದೇನು? 1925ರಲ್ಲಿ ಹೈಸನ್‌ಬರ್ಗ್, ಬಾರ್ನ್ ಮತ್ತು ಜೋರ್ಡಾನ್ ಸೇರಿ ಮಾತೃಕೆಗಳ ಗಣಿತವನ್ನು ಕಟ್ಟಿದರು. 1926ರಲ್ಲಿ ಶ್ರೋಡಿಂಗರ್ ಅಲೆಯ ಸಮೀಕರಣವನ್ನು ಬರೆದ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಹೈಸನ್‌ಬರ್ಗನ ದಾರಿಯಲ್ಲಿ ಸ್ಥಿತಿ ನಿಂತಲ್ಲೇ ನಿಲ್ಲುತ್ತದೆ. ಸ್ಥಾನ, ಸಂವೇಗ ಮೊದಲಾದ ಅಳೆಯತಕ್ಕ ರಾಶಿಗಳು ಕಾಲದೊಡನೆ ಬದಲಾಗುತ್ತವೆ. ಶ್ರೋಡಿಂಗರನ ದಾರಿಯಲ್ಲಿ ಸ್ಥಿತಿ ಸಾಗುತ್ತದೆ, ರಾಶಿಗಳು ನಿಲ್ಲುತ್ತವೆ. ಹುಡುಗ ಬೆಳೆದನೆನ್ನಿ, ಇಲ್ಲವೆ ಅಳತೆಗೋಲು ಕುಗ್ಗಿತೆನ್ನಿ. ಓದಿಕೊಳ್ಳುವ ಅಂಕಿ ಒಂದೇ.

ಆದರೆ ಹುಡುಗ ಬೆಳೆದ ಪ್ರಮಾಣಕ್ಕೆ ಸರಿಯಾಗಿಯೇ ಕೋಲು ಕುಗ್ಗಬೇಕು. ಎಳ್ಳಷ್ಟೂ ಹೆಚ್ಚುಕಡಿಮೆ ಕೂಡದು. ಹುಡುಗನನ್ನೂ ಪೂರಾ ಬೆಳೆಸಿ ಕೋಲನ್ನೂ ಪೂರಾ ಕುಗ್ಗಿಸಿದಿರೋ, ಕಾಲವನ್ನು ಎರಡು ಸಲ ಎಣಿಸಿದ ಹಾಗಾಯಿತು, ಲೆಕ್ಕ ಕೆಟ್ಟಿತು. ಡಿರಾಕ್ ಬದಲಾವಣೆಯನ್ನು ಎರಡಕ್ಕೂ ಹಂಚಿ ಮೂರನೆಯ ದಾರಿಯನ್ನು ತೋರಿಸಿದ. ಆದರೆ ಯಾವ ಪಾಲು ಯಾವುದಕ್ಕೆ ಎಂಬುದನ್ನು ಕರಾರುವಾಕ್ಕಾಗಿ ಹೇಳಿಯೇ ಹಂಚಿದ.

ಈ ಸಮಾನತೆ ಯಾರೂ ದಾನ ಕೊಟ್ಟದ್ದಲ್ಲ. ಹೈಸನ್‌ಬರ್ಗ್, ಶ್ರೋಡಿಂಗರ್ ಇಬ್ಬರಿಗೂ ಪರಸ್ಪರರ ದಾರಿ ರುಚಿಸಿರಲಿಲ್ಲ. ಆದರೂ ಎರಡರ ನಂಟನ್ನು ತೋರಿಸಲು 1926ರಲ್ಲಿ ಶ್ರೋಡಿಂಗರನೇ ಲೇಖನ ಬರೆದ. ಅದನ್ನು ಭದ್ರಪಡಿಸಲು ಮುಂದೆ ಫಾನ್ ನಾಯ್‌ಮನ್‌ನಂಥ ಗಣಿತಜ್ಞ ದುಡಿಯಬೇಕಾಯಿತು. ಸಮಾನವಾದ ಮಾತ್ರಕ್ಕೆ ಒಂದು ದಾರಿ ವ್ಯರ್ಥವೂ ಅಲ್ಲ: ಮೊದಲನೆಯದರಲ್ಲಿ ಹಳೆಯ ಚಲನಶಾಸ್ತ್ರದ ಚಹರೆ ಎದ್ದು ಕಾಣುತ್ತದೆ, ಎರಡನೆಯದರಲ್ಲಿ ಪರಮಾಣುವಿನ ಲೆಕ್ಕ ಸುಲಭವಾಗುತ್ತದೆ.

ಇನ್ನು ವಿಮರ್ಶಕ ಮಿತ್ರರಿಗೆ ನನ್ನ ಪ್ರಶ್ನೆ. ನಿಮ್ಮ ಎರಡು ಅರ್ಥಗಳು ಸಮಾನವೆನ್ನುತ್ತೀರಿ. ಒಂದರಿಂದ ಇನ್ನೊಂದಕ್ಕೆ ದಾಟುವ ಸೇತುವೆಯೆಲ್ಲಿ? ನಮ್ಮ ಹಳೆಯ ಟೀಕಾಕಾರರು ಶ್ಲೇಷೆಗೆ ಎರಡು ಅರ್ಥ ಹೇಳುವಾಗ ಪದಪದವನ್ನೂ ಬಿಡಿಸಿ, ಎರಡೂ ಕಡೆ ಅನ್ವಯ ತೋರಿಸುತ್ತಿದ್ದರು. ಆ ದುಡಿಮೆ ಬೇಡ, ಫಲ ಮಾತ್ರ ಬೇಕೆಂದರೆ ಹೇಗೆ? ಪದ್ಯವನ್ನೇ ಓದದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಕ್ಕದು. “ನನಗೆ ಹಾಗೆ ತೋರಿತು” ಎಂಬ ಉತ್ತರಪತ್ರಿಕೆಗಳನ್ನು ನಾನು ವರ್ಷವರ್ಷವೂ ತಿದ್ದುತ್ತಿದ್ದೇನೆ.

ವಿಜ್ಞಾನದ ಹೆಸರು ಹೇಳುವವರು ಅದರ ಶಿಸ್ತನ್ನೂ ಹೊರಲಿ. ಹೊರಲಾಗದಿದ್ದರೆ ಹೆಸರನ್ನು ಕೆಳಗಿಳಿಸಲಿ.