ಸಂದರ್ಶನದ ಬಾಗಿಲಲ್ಲಿ ನಮ್ಮ ಮಕ್ಕಳು

ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ಕೆಂಭಾವಿಯ ಯುವಕನೊಬ್ಬನು ನಮ್ಮನ್ನು ಕಾಣಲು ಬಂದಿದ್ದನು. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಪದವಿ ಮುಗಿಸಿ ಒಂದೂವರೆ ವರ್ಷವಾಗಿದೆ. ಒಂಬತ್ತು ಸಾಫ್ಟ್‌ವೇರ್ ಸಂಸ್ಥೆಗಳ ಸಂದರ್ಶನಕ್ಕೆ ಹಾಜರಾಗಿದ್ದಾನೆ, ಉದ್ಯೋಗ ದೊರೆತಿಲ್ಲ. ಕೊನೆಯ ಸಲ ಶಹಾಪುರದ ಮೇಲೆ ಹಾದು ಯಾದಗಿರಿಗೆ ಹೋಗಿ, ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬೆಂಗಳೂರು ಸೇರಿದ್ದನು. ಸಂದರ್ಶನ ಹದಿನೈದೇ ನಿಮಿಷಗಳಲ್ಲಿ ಮುಗಿಯಿತಂತೆ. “ಫಾದರ್, ಉತ್ತರ ಗೊತ್ತಿತ್ರಿ. ಇಂಗ್ಲಿಷಿನ್ಯಾಗ ಹೇಳಾಕ ಬರಲಿಲ್ರಿ” ಎಂದನು. ಆಯ್ಕೆಯಾಗಲಿಲ್ಲವೆಂಬ ಒಂದು ಸಾಲಿನ ಉತ್ತರವೂ ಇಂದಿನವರೆಗೆ ಬಂದಿಲ್ಲ.

ಈ ಪರೀಕ್ಷೆಯ ಸ್ವರೂಪವನ್ನು ತಂದೆತಾಯಂದಿರು ಅರಿತಿರುವುದು ಒಳ್ಳೆಯದು. ಸಾಮಾನ್ಯವಾಗಿ ಮೊದಲು ಗಣಿತ, ತರ್ಕ ಹಾಗೂ ಪ್ರೋಗ್ರಾಂ ಬರೆಯುವ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅನಂತರ ವಿಷಯಜ್ಞಾನದ ಸಂದರ್ಶನ. ಕೊನೆಯದು “ನಿಮ್ಮ ಬಗ್ಗೆ ಹೇಳಿ” ಎಂದು ಆರಂಭವಾಗುವ ಮಾತುಕತೆ. ಎರಡನೆಯ ಹಂತದಲ್ಲಿ ಸಂದರ್ಶಕರು ಸರಿಯುತ್ತರವನ್ನಷ್ಟೇ ಅಲ್ಲ, ಅಭ್ಯರ್ಥಿಯು ಉತ್ತರದತ್ತ ಸಾಗುವ ಹೆಜ್ಜೆಗಳನ್ನೂ ಕೇಳಬಯಸುತ್ತಾರೆ. ನಾವು ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಮೌಖಿಕ ಪರೀಕ್ಷೆಯೂ ಹೀಗೆಯೇ ಇತ್ತು. ನಿರ್ಣಯವನ್ನು ಒಪ್ಪಿಸಿದರೆ ಸಾಲದು, ಅದಕ್ಕೆ ಬಂದ ದಾರಿಯನ್ನು ಬಿಡಿಸಿ ಹೇಳಬೇಕಾಗಿತ್ತು. ಮೊದಲ ವರ್ಷ ನಾವು ತಡವರಿಸಿ ಮೂಕರಾದದ್ದುಂಟು. ನಮ್ಮನ್ನು ಪಾರುಮಾಡಿದ್ದು ಬುದ್ಧಿಯಲ್ಲ, ಸಹಪಾಠಿಗಳೊಡನೆ ಪ್ರತಿ ಸಂಜೆ ಮಾಡಿದ ಅಭ್ಯಾಸ.

ಅಂತಃಶಕ್ತಿ ಬೇರೆ, ಅದು ಪ್ರಕಟವಾಗುವುದು ಬೇರೆ ಎಂದು ಅರಿಸ್ಟಾಟಲನು ಭೇದ ಮಾಡಿದನು. ತೊಗರಿಯ ಕಾಳಿನಲ್ಲಿ ಗಿಡವಿದೆ. ಆದರೆ ಮಳೆ ಬೀಳದೆ ಅದು ಕಾಣದು. ಸಂದರ್ಶನವು ನೋಡುವುದು ಆ ಹೊತ್ತಿಗೆ ಪ್ರಕಟವಾದದ್ದನ್ನು ಮಾತ್ರ. 2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆಗೆ ರಾಜ್ಯದಲ್ಲಿಯೇ ಕೊನೆಯ ಸ್ಥಾನ ದೊರೆಯಿತು. ಇಂಥ ನೆಲದಿಂದ ಪದವಿಯವರೆಗೆ ನಡೆದುಬಂದ ಮಗುವಿನ ಶಕ್ತಿಯನ್ನು ಹದಿನೈದು ನಿಮಿಷಗಳು ಹೇಗೆ ಅಳೆದಾವು? 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯು ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಮೀಸಲಾತಿ ಒದಗಿಸಿದೆ. ಖಾಸಗಿ ಸಂಸ್ಥೆಯ ಸಂದರ್ಶನದ ಕೊಠಡಿಯನ್ನು ಅದು ಪ್ರವೇಶಿಸದು.

ಹಾಗೆಂದು ಸಂಸ್ಥೆಗಳು ಯೋಗ್ಯತೆಯನ್ನು ಪರೀಕ್ಷಿಸಬಾರದೆಂದು ನಾವು ಹೇಳುವುದಿಲ್ಲ. ಆದರೆ ಕರೆದವನಿಗೆ ಉತ್ತರ ಕೊಡುವುದು ಔದಾರ್ಯವಲ್ಲ, ನ್ಯಾಯ. ಇಂದು ಹುದ್ದೆಗಳ ಸ್ಥಿತಿಯೂ ಮೊದಲಿನಂತಿಲ್ಲ. 2025ರ ಜುಲೈ ತಿಂಗಳಲ್ಲಿ ಟಿ.ಸಿ.ಎಸ್. ಸಂಸ್ಥೆಯು ತನ್ನ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟು, ಎಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಪ್ರತಿಯೊಂದು ನಿರಾಕರಣೆಯೂ ಅಭ್ಯರ್ಥಿಯ ದೋಷವಲ್ಲ.

ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆಯವರೆಗೆ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಾಗಿರಲಿಲ್ಲ. ಅವರನ್ನು ಕೆಲಸಕ್ಕೆ ಕರೆದವರಿರಲಿಲ್ಲ. ನಮ್ಮ ಮನೆಗಳಲ್ಲಿ ಅಂಥವರಿಗೆ ಏನು ದೊರೆಯುತ್ತಿದೆ? “ಇನ್ನೂ ಆಗಲಿಲ್ಲವೆ?” ಎಂಬ ಪ್ರಶ್ನೆ, ನೆರೆಮನೆಯ ಮಗನ ಸಂಬಳದ ಹೋಲಿಕೆ. ಆ ಯುವಕನು ಹಬ್ಬದ ಪೂಜೆಗೆ ಬಾರದಿದ್ದದ್ದು ಭಕ್ತಿಯ ಕೊರತೆಯಿಂದಲ್ಲ, ಈ ಪ್ರಶ್ನೆಗೆ ಅಂಜಿ. ಹೆತ್ತವರ ಈ ಆತಂಕವನ್ನೇ ಬಂಡವಾಳ ಮಾಡಿಕೊಂಡು ಹಣ ಪಡೆದು ಕೆಲಸ ಕೊಡಿಸುತ್ತೇವೆನ್ನುವ ದಲ್ಲಾಳಿಗಳೂ ಇದ್ದಾರೆ. ಅವರ ಮಾತಿಗೆ ಮರುಳಾಗಿ ಹೊಲವನ್ನು ಅಡವಿಡಬೇಡಿರಿ.

ಕೆಲಸಕ್ಕೆ ಕರೆಯುವುದು ನಮ್ಮ ಕೈಯಲ್ಲಿಲ್ಲ. ಅಭ್ಯಾಸ ಮಾಡಿಸುವುದು ನಮ್ಮ ಕೈಯಲ್ಲಿದೆ. ಪ್ರತಿ ಭಾನುವಾರ ಪೂಜೆಯ ನಂತರ ಒಂದು ಗಂಟೆ ಅಣಕು ಸಂದರ್ಶನ ನಡೆಸಲು ಪ್ರತಿ ದೇವಾಲಯದಲ್ಲಿಯೂ ನಾಲ್ಕು ಕುರ್ಚಿಗಳಿಗೇನೂ ಬರವಿಲ್ಲ. ಬೆಂಗಳೂರಿನಲ್ಲಿ ದುಡಿಯುತ್ತಿರುವ ನಮ್ಮ ಕುಟುಂಬಗಳ ಇಂಜಿನಿಯರರು ದೂರವಾಣಿಯ ಮೂಲಕವೇ ಪ್ರಶ್ನೆ ಕೇಳಬಹುದು, ತಪ್ಪನ್ನು ತಿದ್ದಬಹುದು. ಹುಡುಗಿಯರೂ ಇದರಲ್ಲಿ ಸಮನಾಗಿ ಕುಳಿತುಕೊಳ್ಳಲಿ.

ಆ ಯುವಕನಿಗೆ ಹತ್ತನೆಯ ಸಂದರ್ಶನದ ಕರೆ ಬಂದಿದೆ. ಈ ಸಲ ಅವನು ಒಂಟಿಯಾಗಿ ಹೊರಡಬಾರದು.